ಮಗಳಿಗೆ ಯಾವ ಹೆಸರು ಹೇಳಿಕೊಡಲಿ?

ಅಕ್ಕಾ,

ನಾನು ಹೊನ್ನಾವರ ತಾಲೂಕಿನ ಒಂದು ಹಳ್ಳಿಯವಳು. ವಯಸ್ಸು ಮೂವತ್ತನಾಲ್ಕು. ಯಜಮಾನರದು ಕುಮಟಾದಲ್ಲಿ ಅಂಗಡಿ. ಮಗಳಿಗೆ ಒಂಬತ್ತು ವರ್ಷ, ಮಗನಿಗೆ ಆರು. ಅತ್ತೆ ಮಾವ ಜೊತೆಗಿದ್ದಾರೆ.

ಹೋದ ತಿಂಗಳು ಕುಮಟಾ ಬಸ್ ಸ್ಟ್ಯಾಂಡಿನಲ್ಲಿ ಇಬ್ಬರು ಗಂಡಸರು ಜಗಳಕ್ಕೆ ನಿಂತಿದ್ದರು. ಅವರು ಬೈದಾಡಿದ ಒಂದು ಶಬ್ದ ಮಗಳ ಕಿವಿಗೆ ಬಿತ್ತು. ರಾತ್ರಿ ಎಲ್ಲರೂ ಊಟಕ್ಕೆ ಕೂತಾಗ, “ಆಯೀ, ಹಂಗಂದ್ರೆ ಎಂತದು?” ಎಂದು ಆ ಶಬ್ದವನ್ನೇ ಹೇಳಿ ಕೇಳಿದಳು. ಮಾವನವರು ಎದುರಿಗಿದ್ದರು. ನನಗೆ ಏನೂ ತೋಚದೆ ಕೆನ್ನೆಗೆ ಹೊಡೆದುಬಿಟ್ಟೆ. ಆಮೇಲೆ ಒಂದು ವಾರದೊಳಗೆ ಯಕ್ಷಗಾನದ ಆಟ ನೋಡಲು ಹೋಗಿದ್ದೆವು. ವೇಷದವರು ಸೀತೆಯನ್ನು ‘ಅಯೋನಿಜೆ’ ಎಂದು ಹೊಗಳಿದರು. ಇವಳು ಅಜ್ಜನನ್ನು ಕೇಳಿದಳು. ಅವರು “ಸುಮ್ನೆ ಆಟ ನೋಡು” ಎಂದರು.

ಶಾಲೆಯಲ್ಲಿ ಟೀಚರು ಒಳ್ಳೆಯ ಸ್ಪರ್ಶ, ಕೆಟ್ಟ ಸ್ಪರ್ಶದ ಪಾಠ ಮಾಡಿ, ದೇಹದ ಎಲ್ಲ ಭಾಗಗಳ ಹೆಸರನ್ನು ಮನೆಯಲ್ಲಿ ಹೇಳಿಕೊಡಿ ಎಂದಿದ್ದಾರೆ. ನನ್ನ ಹತ್ತಿರ ಹೆಸರೇ ಇಲ್ಲ ಅಕ್ಕಾ. ನಮ್ಮ ಮನೆಯಲ್ಲಿ ‘ಕೆಳಗೆ’, ‘ಅಲ್ಲಿ’, ‘ಉಚ್ಚೆ ಮಾಡೋ ಜಾಗ’ ಎಂದಷ್ಟೇ. ಯಜಮಾನರು, “ಇಂಗ್ಲಿಷಿನ ವಜೈನಾ ಎಂದು ಹೇಳಿಕೊಡು, ಡೀಸೆಂಟಾಗಿರುತ್ತದೆ” ಎನ್ನುತ್ತಾರೆ. ಶುಕ್ರವಾರ ಲಲಿತಾ ಸಹಸ್ರನಾಮ ಓದದೆ ಊಟ ಮಾಡದ ನಮ್ಮ ಅತ್ತೆ, ಅಂಥ ಶಬ್ದ ಹೆಣ್ಣುಮಕ್ಕಳ ಬಾಯಲ್ಲಿ ಬಂದರೆ ಮನೆಗೆ ಶ್ರೇಯಸ್ಸಲ್ಲ ಎನ್ನುತ್ತಾರೆ. ಭಟ್ಕಳದಲ್ಲಿರುವ ನನ್ನ ನವಾಯತ ಗೆಳತಿಯನ್ನು ಕೇಳಿದರೆ, “ನಮ್ಮಲ್ಲೂ ಅಷ್ಟೇ, ಹಿರಿಯರು ಶರ್ಮಗಾಹ್ ಎಂದು ಹೇಳಿ ಮುಗಿಸುತ್ತಾರೆ” ಎಂದಳು. ಯೋನಿ ಎಂಬ ಶಬ್ದದ ನಿಜವಾದ ಅರ್ಥವೇನು, ಎಲ್ಲಿಂದ ಬಂತು, ಅದು ಕೆಟ್ಟ ಶಬ್ದವೇ ಎಂದು ದಯವಿಟ್ಟು ತಿಳಿಸಿ.

ಇನ್ನೊಂದು ವಿಷಯ. ನನಗೂ ಎರಡು ತಿಂಗಳಿಂದ ಅಲ್ಲಿ ತುರಿಕೆ, ಬಿಳಿ ಹೋಗುತ್ತದೆ. ಡಾಕ್ಟರ ಹತ್ತಿರ ಹೋಗಿದ್ದೆ, ಹೇಳಲು ಬಾಯಿ ಬರಲಿಲ್ಲ. ಹೊಟ್ಟೆನೋವು ಎಂದೆ. ಗ್ಯಾಸಿನ ಗುಳಿಗೆ ಕೊಟ್ಟರು.

— ಒಬ್ಬ ತಾಯಿ, ಹೊನ್ನಾವರ ತಾಲೂಕು

ತಂಗೀ,

ಮೊದಲು ಮಗಳಿಗೆ ಹೊಡೆದ ವಿಷಯ. ಇವತ್ತೇ ಅವಳನ್ನು ಹತ್ತಿರ ಕೂರಿಸಿಕೊಂಡು, “ನೀನು ಕೇಳಿದ್ದರಲ್ಲಿ ತಪ್ಪಿರಲಿಲ್ಲ, ನಾನು ಹೊಡೆದದ್ದು ತಪ್ಪಾಯಿತು” ಎಂದು ಹೇಳಿ. ಆ ಹೊಡೆತದಿಂದ ಅವಳಿಗೆ ಆ ಶಬ್ದ ಕೆಟ್ಟದ್ದು ಎಂದು ಗೊತ್ತಾಗಿರಬಹುದು. ಜೊತೆಗೆ, ಮೈಯ ಆ ಭಾಗದ ಸುದ್ದಿಯನ್ನು ಆಯಿಯ ಹತ್ತಿರ ಎತ್ತಬಾರದು ಎಂಬುದೂ ಗೊತ್ತಾಗಿದೆ. ನಾಳೆ ಉರಿಯಾದರೆ, ಗಾಯವಾದರೆ, ಯಾರಾದರೂ ಕೈ ಹಾಕಿದರೆ ಅವಳು ಯಾರ ಹತ್ತಿರ ಹೇಳಿಕೊಳ್ಳಬೇಕು? ಅದಕ್ಕೇ ಈ ಮಾತು ಮೊದಲು. ಹೆಸರಿನ ಮಾತು ಆಮೇಲೆ.

ಹೆಸರು ಯೋನಿ ಎಂದೇ ಇರಲಿ. ಕಣ್ಣು, ಕಿವಿ, ಮೊಣಕಾಲು ಎಂದು ಹೇಳುವ ದನಿಯಲ್ಲೇ ಹೇಳಿ. ಶಬ್ದ ಕೆಟ್ಟದ್ದೇ ಎಂದು ಕೇಳಿದ್ದೀರಿ. ಕನ್ನಡಕ್ಕೆ ಸಂಸ್ಕೃತದಿಂದ ಬಂದ ಶಬ್ದಗಳಲ್ಲಿ ಇದರಷ್ಟು ಹಳೆಯದು, ಇದರಷ್ಟು ಗೌರವದ್ದು ಹೆಚ್ಚಿಲ್ಲ. ಋಗ್ವೇದದಲ್ಲೇ ಈ ಶಬ್ದವಿದೆ. ಅಲ್ಲಿ ಇದಕ್ಕೆ ನೆಲೆ, ಮನೆ, ಹುಟ್ಟಿದ ಸ್ಥಳ, ಗರ್ಭ ಎಂಬ ಅರ್ಥಗಳು. ಅಗ್ನಿ ಬಂದು ಕೂರುವ ವೇದಿಯ ಜಾಗವನ್ನೂ ಯೋನಿ ಎಂದೇ ಕರೆದಿದ್ದಾರೆ. ವ್ಯಾಕರಣ ಬಲ್ಲವರು ಇದನ್ನು ಕೂಡು, ಸೇರು ಎಂಬ ಅರ್ಥದ ‘ಯು’ ಧಾತುವಿನಿಂದ ಬಿಡಿಸುತ್ತಾರೆ. ಹೆಂಗಸಿನ ಅಂಗ ಎಂಬ ಅರ್ಥವೂ ಈ ಅರ್ಥಗಳ ಜೊತೆಗೇ ಬೆಳೆದು ಬಂದದ್ದು. ಜೀವ ಹುಟ್ಟಿ ಹೊರಬರುವ ನೆಲೆಗೆ ನೆಲೆ ಎಂದೇ ಹೆಸರಿಟ್ಟರು.

ಈ ಶಬ್ದ ನಿಮ್ಮ ಮನೆಯಲ್ಲಿ ಈಗಾಗಲೇ ಓಡಾಡುತ್ತಿದೆ, ಯಾರೂ ಗಮನಿಸಿಲ್ಲ ಅಷ್ಟೇ. ಎಂಬತ್ತನಾಲ್ಕು ಲಕ್ಷ ಯೋನಿಗಳಲ್ಲಿ ಹುಟ್ಟಿ ಬಂದ ಜೀವ ಎಂದು ಹಿರಿಯರು ಹೇಳುವಾಗ ಯಾರಿಗೂ ಮುಜುಗರವಿಲ್ಲ. ಕಮಲದಲ್ಲಿ ಹುಟ್ಟಿದ ಬ್ರಹ್ಮನಿಗೆ ಪದ್ಮಯೋನಿ ಎಂಬ ಹೆಸರಿದೆ. ಬ್ರಹ್ಮಸೂತ್ರದ ಮೂರನೆಯ ಸೂತ್ರವೇ ಈ ಶಬ್ದವನ್ನು ಮೂಲ ಎಂಬ ಅರ್ಥದಲ್ಲಿ ಬಳಸಿ ಶಾಸ್ತ್ರದ ಮಾತಾಡುತ್ತದೆ. ಹೋಮಕುಂಡದ ಮೇಖಲೆಗೆ ಹೊಂದಿಸಿ ಕಟ್ಟುವ ಒಂದು ಭಾಗದ ಹೆಸರೂ ಯೋನಿ. ಗೋಕರ್ಣದ ಮಹಾಬಲೇಶ್ವರನಲ್ಲಿ ಆತ್ಮಲಿಂಗ ಪೀಠದೊಳಗಿದೆ. ಲಿಂಗವನ್ನು ಹೊತ್ತ ಪೀಠವನ್ನು ಯೋನಿಪೀಠ ಎನ್ನುವ ರೂಢಿಯೂ ನಮ್ಮ ದೇಶದಲ್ಲಿ ಹಳೆಯದು. ಆ ಪೀಠಕ್ಕೆ ಹಣೆ ಮುಟ್ಟಿಸಿ ಬರುವ ನಾವು ಮನೆಗೆ ಬಂದು ಆ ಶಬ್ದಕ್ಕೆ ಹೆದರಬೇಕಾಗಿಲ್ಲ.

ಆಟದಲ್ಲಿ ಕೇಳಿದ ‘ಅಯೋನಿಜೆ’ಯ ವಿಷಯವನ್ನೂ ಮಗಳಿಗೆ ಬಿಡಿಸಿ ಹೇಳಿ. ಯೋನಿಜ ಎಂದರೆ ಯೋನಿಯಿಂದ ಹುಟ್ಟಿದ್ದು. ಸೀತೆ ನೇಗಿಲ ಸಾಲಿನಲ್ಲಿ ಸಿಕ್ಕವಳು, ದ್ರೌಪದಿ ಯಜ್ಞವೇದಿಯಿಂದ ಎದ್ದು ಬಂದವಳು. ಅದಕ್ಕೆ ಅವರು ಅಯೋನಿಜೆಯರು. “ನೀನು ಯೋನಿಜೆ, ನಾನೂ ಯೋನಿಜೆ, ಅಜ್ಜ, ತಮ್ಮ ಎಲ್ಲರೂ ಹಾಗೇ ಹುಟ್ಟಿದವರು” ಎಂದರೆ ಅವಳಿಗೆ ತಕ್ಷಣ ತಿಳಿಯುತ್ತದೆ. ಈ ಮಾತಿನಲ್ಲಿ ಯೋನಿ ಎಂದರೆ ತಾಯಿಯ ಗರ್ಭ ಎಂದೂ ಅರ್ಥವಿರುವುದರಿಂದ ಸಿಜೇರಿಯನ್ ಆಗಿ ಹುಟ್ಟಿದ ಮಗುವೂ ಯೋನಿಜವೇ. ಕೆರೆಮನೆಯವರ ಇಡಗುಂಜಿ ಮೇಳ 1934ರಲ್ಲಿ ನಿಮ್ಮ ತಾಲೂಕಿನಲ್ಲೇ ಹುಟ್ಟಿದ್ದು. ಅಂದಿನಿಂದ ಇಂದಿನವರೆಗೆ ಸಾವಿರಾರು ಜನ ರಾತ್ರಿಯಿಡೀ ಕೂತು ಇಂಥ ಮಾತುಗಳನ್ನು ಕೇಳಿ ತಲೆದೂಗಿದ್ದಾರೆ. ಅರ್ಥ ಕೇಳಿದ ಹುಡುಗಿಯನ್ನು ಸುಮ್ಮನಿರಿಸುವುದು ನ್ಯಾಯವಲ್ಲ.

ಅತ್ತೆಯವರ ವಿಷಯಕ್ಕೆ ಬರೋಣ. ಅವರು ಪ್ರತಿ ಶುಕ್ರವಾರ ಓದುವ ಲಲಿತಾ ಸಹಸ್ರನಾಮದಲ್ಲಿ ದೇವಿಗೆ ‘ಯೋನಿನಿಲಯಾ’ ಎಂಬ ಹೆಸರಿದೆ. ‘ಭಗಮಾಲಿನೀ’ ಎಂಬ ಹೆಸರೂ ಇದೆ. ಭಗ ಎಂಬುದು ಯೋನಿಗೆ ಇರುವ ಇನ್ನೊಂದು ಹೆಸರು. ಅಮರಕೋಶ ಎರಡನ್ನೂ ಒಟ್ಟಿಗೇ ಇಟ್ಟಿದೆ. ಭಗ ಎಂದರೆ ವೇದದಲ್ಲಿ ಪಾಲು ಹಂಚುವ ಒಬ್ಬ ಆದಿತ್ಯ. ಪಾಲು, ಅದೃಷ್ಟ, ಐಶ್ವರ್ಯ ಎಂಬ ಅರ್ಥಗಳೂ ಅದಕ್ಕಿವೆ. ಹಂಚು ಎಂಬ ಅರ್ಥದ ‘ಭಜ್’ ಧಾತುವಿನಿಂದ ಹೊರಟ ಈ ಬಳಗದಲ್ಲಿ ಭಾಗ, ಭಾಗ್ಯ, ಭಕ್ತಿ, ಭಗವಂತ ಎಲ್ಲರೂ ಇದ್ದಾರೆ. ಒಳ್ಳೆಯ ಭಗವುಳ್ಳದ್ದು ಸುಭಗ, ಅದರಿಂದ ಸೌಭಾಗ್ಯ. ನಮ್ಮ ಮದುವೆ ಕಾಗದದಲ್ಲಿ ಹುಡುಗಿಯ ಹೆಸರಿನ ಹಿಂದೆ ‘ಚಿ. ಸೌ.’ ಎಂದು ಅಚ್ಚು ಹಾಕಿಸುತ್ತೇವಲ್ಲ, ಆ ಸೌಭಾಗ್ಯವತಿಯೊಳಗೂ ಇದೇ ಭಗ ಕೂತಿದೆ.

ಇದನ್ನು ಅತ್ತೆಯವರನ್ನು ಸೋಲಿಸಲಿಕ್ಕೆ ಬಳಸಬೇಡಿ. ಒಂದು ಮಧ್ಯಾಹ್ನ ಪುಸ್ತಕ ಹಿಡಿದು ಪಕ್ಕದಲ್ಲಿ ಕೂತು, “ಅತ್ತೆ, ಈ ಹೆಸರಿನ ಅರ್ಥವೇನು?” ಎಂದು ಕೇಳಿ. ಅವರ ಕಾಲದಲ್ಲಿ ಸೂಲಗಿತ್ತಿ ಮನೆಗೇ ಬಂದು ಹೆರಿಗೆ ಮಾಡಿಸುತ್ತಿದ್ದಳು. ಮಾಸು, ಹೊಕ್ಕುಳಬಳ್ಳಿ, ಬಸಿರು, ಬಾಣಂತನ ಎಲ್ಲವನ್ನೂ ಹೆಂಗಸರು ತಮ್ಮೊಳಗೆ ಬಾಯಿಬಿಟ್ಟೇ ಆಡುತ್ತಿದ್ದರು. ಆ ಅನುಭವ ಅವರಲ್ಲಿದೆ. ಅವರ ಹೆದರಿಕೆ ಇರುವುದು ಹೆಣ್ಣುಮಗುವಿನ ಬಾಯಿಗೆ ಬೈಗುಳ ಬರುತ್ತದೆ ಎಂಬುದಕ್ಕೆ. ಆ ಹೆದರಿಕೆಯನ್ನು ನಾನು ತಳ್ಳಿಹಾಕುವುದಿಲ್ಲ.

ಇಲ್ಲೊಂದು ಮಾತು ಸ್ಪಷ್ಟವಾಗಿ ಹೇಳಬೇಕು. ಶಬ್ದ ವೇದದಲ್ಲಿದೆ, ಸಹಸ್ರನಾಮದಲ್ಲಿದೆ ಎಂಬ ಕಾರಣಕ್ಕೇ ಮಗಳಿಗೆ ಹೇಳಿಕೊಡಿ ಎನ್ನುತ್ತಿಲ್ಲ. ಯೋನಿಯನ್ನು ಪೂಜಿಸಿದ ದೇಶದಲ್ಲೇ ಯೋನಿಯುಳ್ಳವರನ್ನು ಮುಟ್ಟಾದಾಗ ಹೊರಗೆ ಕೂರಿಸಿದ್ದೇವೆ. ಪೂಜೆಯಿಂದ ತಾನಾಗಿ ಗೌರವ ಬರಲಿಲ್ಲ. ಹೆಸರಿನ ಕುಲಗೋತ್ರ ಹೇಳಿದ್ದು ನಿಮ್ಮ ಮನಸ್ಸಿನ ಅಳುಕು ಹೋಗಲಿ ಎಂದು. ಮಗುವಿಗೆ ಹೆಸರು ಬೇಕಿರುವುದು ಅವಳ ಮೈ ಅವಳದು ಎಂಬ ಕಾರಣಕ್ಕೆ.

ಯಜಮಾನರು ಹೇಳಿದ ವಜೈನಾ ತಪ್ಪೇನಲ್ಲ. ವೈದ್ಯರು ಬಳಸುತ್ತಾರೆ, ಮಗಳು ಮುಂದೆ ಕಲಿಯಲಿ. ಆದರೆ ಡೀಸೆಂಟ್ ಎಂಬ ಕಾರಣಕ್ಕೆ ಆರಿಸುವುದಾದರೆ ಅದರ ಮೂಲವನ್ನೂ ತಿಳಿದುಕೊಳ್ಳಲಿ. ಅದು ಲ್ಯಾಟಿನ್ ಶಬ್ದ, ಅರ್ಥ ಕತ್ತಿಯ ಒರೆ. 17ನೆಯ ಶತಮಾನದ ಹೊತ್ತಿಗೆ ಯುರೋಪಿನ ಅಂಗರಚನಾ ಗ್ರಂಥಗಳಲ್ಲಿ ನೆಲೆಯೂರಿತು. ಗಂಡಸನ್ನು ಕತ್ತಿಯೆಂದು ಭಾವಿಸಿ ಹೆಂಗಸನ್ನು ಅದರ ಒರೆಯೆಂದು ಕಂಡವರು ಇಟ್ಟ ಹೆಸರು. ಇಪ್ಪತ್ತು ವರ್ಷಗಳ ಹಿಂದೆ ನಮ್ಮ ಜಿಲ್ಲೆಯ ಅಡಕೆ ತೋಟಗಳಲ್ಲಿ ವೆನಿಲಾ ಬಳ್ಳಿಯ ಭರಾಟೆ ಇತ್ತಲ್ಲ, ಆ ವೆನಿಲಾ ಕೂಡ ಇದೇ ಲ್ಯಾಟಿನ್ ಬೇರಿನದು. ಸ್ಪ್ಯಾನಿಷಿನಲ್ಲಿ ಒರೆಗೂ ಕಾಯಿಯ ಕೋಡಿಗೂ ‘ವೈನಾ’ ಎನ್ನುತ್ತಾರೆ, ‘ವೈನಿಲ್ಯಾ’ ಎಂದರೆ ಪುಟ್ಟ ಕೋಡು. ಒಂದೇ ಬೇರಿನ ಎರಡು ಮಾತುಗಳಲ್ಲಿ ಒಂದನ್ನು ಐಸ್‌ಕ್ರೀಮಿನ ಅಂಗಡಿಯಲ್ಲಿ ಗಟ್ಟಿಯಾಗಿ ಕೇಳುತ್ತೇವೆ, ಇನ್ನೊಂದಕ್ಕೆ ದನಿ ತಗ್ಗಿಸುತ್ತೇವೆ. ನನಗಂತೂ ಒರೆ ಎನ್ನುವ ಹೆಸರಿಗಿಂತ ನೆಲೆ ಎನ್ನುವ ಹೆಸರು ಹೆಚ್ಚು ಇಷ್ಟ. ಮನೆಯಲ್ಲಿ ಕನ್ನಡ ಆಡುವ ಮಗುವಿಗೆ ಮೈಯ ಒಂದೇ ಭಾಗವನ್ನು ಬೇರೆ ಭಾಷೆಯಲ್ಲಿ ಹೇಳಿದರೆ, ನಮ್ಮ ಭಾಷೆಯಲ್ಲಿ ಹೇಳಬಾರದ್ದು ಏನೋ ಇದೆ ಎಂದೇ ಅವಳು ತಿಳಿಯುತ್ತಾಳೆ.

ನಿಮ್ಮ ಭಟ್ಕಳದ ಗೆಳತಿಯ ಮಾತು ನನ್ನನ್ನು ಬಹಳ ಹೊತ್ತು ಹಿಡಿದು ಕೂರಿಸಿತು. ಉರ್ದುವಿನಲ್ಲಿ ಶರ್ಮ್ ಎಂದರೆ ನಾಚಿಕೆ, ಗಾಹ್ ಎಂದರೆ ಸ್ಥಳ. ಯುರೋಪಿನ ವೈದ್ಯರು ಹೆಂಗಸಿನ ಹೊರಗಿನ ಅಂಗಕ್ಕೆ ಲ್ಯಾಟಿನ್‌ನಲ್ಲಿ ‘ಪುಡೆಂಡಮ್’ ಎಂದರು. ನಾಚಿಕೆಪಡಬೇಕಾದದ್ದು ಎಂದೇ ಅದರ ಅರ್ಥ. ಈಚೆಗೆ ಅಂಗರಚನಾ ತಜ್ಞರೇ ಆ ಹೆಸರು ಬೇಡವೆಂದು ದನಿ ಎತ್ತಿದ್ದಾರೆ. ಕನ್ನಡದಲ್ಲಿ ನಾವು ‘ಮಾನ’ ಎನ್ನುತ್ತೇವೆ. ಮಾನ ಮುಚ್ಚಲು ಬಟ್ಟೆ, ಅತ್ಯಾಚಾರವಾದರೆ ಮಾನಭಂಗ. ಯಾರೋ ಮಾಡಿದ ಅಪರಾಧಕ್ಕೆ ಮಾನ ಕಳೆದುಕೊಂಡವಳು ಹುಡುಗಿ ಎಂದು ಆ ಶಬ್ದ ತೀರ್ಪು ಕೊಟ್ಟುಬಿಡುತ್ತದೆ. ಹೀಗೆ ಮೂರು ಭಾಷೆಗಳೂ ಒಂದೇ ಕಡೆ ನಾಚಿಕೆಯನ್ನು ತಂದು ಹೇರಿವೆ. ಆದರೆ ನಿಮ್ಮ ಗೆಳತಿಗೆ ಇದನ್ನೂ ಹೇಳಿ: ಅರಬ್ಬಿಯಲ್ಲಿ ಗರ್ಭಕ್ಕೆ ಇರುವ ಶಬ್ದವೂ ರಹಮಾನ್, ರಹೀಮ್ ಎಂಬ ದೇವರ ಹೆಸರುಗಳೂ ಒಂದೇ ಧಾತುವಿನವು, ಅದರ ಅರ್ಥ ಕರುಣೆ. ಅವಳು ಮಗಳಿಗೆ ನವಾಯತಿಯಲ್ಲೋ ಉರ್ದುವಿನಲ್ಲೋ ಹೇಳುವಾಗ ನಾಚಿಕೆಯ ಕಡೆಯಿಂದ ಶುರು ಮಾಡಬೇಕಾಗಿಲ್ಲ.

ಇವೆಲ್ಲಕ್ಕಿಂತ ನನಗೆ ಹೆಚ್ಚು ಚಿಂತೆ ತರುವುದು ಪತ್ರಿಕೆ, ಪುಸ್ತಕಗಳಲ್ಲಿ ಬಳಸುವ ‘ಗುಪ್ತಾಂಗ’. ಕೇಳಲು ಮರ್ಯಾದೆಯ ಮಾತು. ಆದರೆ ಗುಪ್ತ ಎಂದರೆ ಗುಟ್ಟಾಗಿ ಇಟ್ಟದ್ದು. ಮಕ್ಕಳ ಮೇಲೆ ಕೈ ಮಾಡುವವನು ಮೊದಲು ಹೇಳುವ ಮಾತು, “ಇದು ನಮ್ಮಿಬ್ಬರ ಗುಟ್ಟು, ಯಾರಿಗೂ ಹೇಳಬೇಡ” ಎಂದು. ಆ ಜಾಗ ಗುಟ್ಟಿನದು ಎಂದು ನಾವೇ ಮೊದಲು ಕಲಿಸಿಟ್ಟಿದ್ದರೆ ಅವನ ಕೆಲಸ ಅರ್ಧ ಮುಗಿದಂತೆ. ಖಾಸಗಿ ಎನ್ನಿ. ಖಾಸಗಿ ಎಂದರೆ ಅದು ನಿನ್ನದು, ಬೇರೆಯವರು ನೋಡುವಂತಿಲ್ಲ, ಮುಟ್ಟುವಂತಿಲ್ಲ. ಆದರೆ ಅದರ ಬಗ್ಗೆ ಆಯಿಯ ಹತ್ತಿರ, ಡಾಕ್ಟರ ಹತ್ತಿರ, ಟೀಚರ ಹತ್ತಿರ ಮಾತಾಡಬಹುದು. ಈ ವ್ಯತ್ಯಾಸ ಒಂಬತ್ತು ವರ್ಷದವಳಿಗೆ ಚೆನ್ನಾಗಿ ಅರ್ಥವಾಗುತ್ತದೆ.

ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ 2012ರ ಪೋಕ್ಸೊ ಕಾಯ್ದೆ ಈ ಅಂಗಗಳನ್ನು ಸುತ್ತಿಬಳಸದೆ ಹೆಸರು ಹಿಡಿದೇ ಹೇಳುತ್ತದೆ. ಅತ್ಯಾಚಾರದ ಕಾನೂನಿನಲ್ಲಂತೂ, ಇಲ್ಲಿ ಯೋನಿ ಎಂದರೆ ಹೊರಗಿನ ದೊಡ್ಡ ತುಟಿಗಳೂ ಸೇರಿವೆ ಎಂದು ವಿವರಣೆಯನ್ನೇ ಕೊಟ್ಟಿದ್ದಾರೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅದು ಹಾಗೇ ಇದೆ. ಯಾವ ಭಾಗ ಎಂಬುದರ ಮೇಲೆ ಅಪರಾಧದ ಕಲಮು ನಿಲ್ಲುತ್ತದೆ. ಮಗುವಿನ ಹೇಳಿಕೆಯನ್ನು ಮಗು ಆಡಿದಂತೆಯೇ ಬರೆದುಕೊಳ್ಳಬೇಕು, ಪೊಲೀಸರು ಸಮವಸ್ತ್ರದಲ್ಲಿ ಬರಬಾರದು, ಮಗುವಿಗೆ ಸರಿಬರುವ ಜಾಗದಲ್ಲಿ, ಆದಷ್ಟು ಮಟ್ಟಿಗೆ ಮಹಿಳಾ ಅಧಿಕಾರಿಯೇ ಕೇಳಬೇಕು ಎಂದು ಪೋಕ್ಸೊ ಹೇಳುತ್ತದೆ. ಮಗು ‘ಅಲ್ಲಿ’ ಎಂದರೆ ಕೇಳಿದವರು ಹೊಟ್ಟೆಯೋ ತೊಡೆಯೋ ಎಂದು ಊಹಿಸಬೇಕಾಗುತ್ತದೆ. ‘ಯೋನಿ’ ಎಂದರೆ ಊಹೆಗೆ ಜಾಗವಿಲ್ಲ. ನಿಮ್ಮ ಮನೆಯದೇ ಒಂದು ಮುದ್ದಿನ ಹೆಸರು ಇದ್ದರೂ ಇರಲಿ, ಆದರೆ ಟೀಚರಿಗೆ, ಡಾಕ್ಟರಿಗೆ ತಿಳಿಯುವ ಹೆಸರೂ ಅವಳ ಬಾಯಲ್ಲಿರಬೇಕು. ಮಕ್ಕಳ ಸಹಾಯವಾಣಿ 1098ನ್ನು ಅವಳಿಂದಲೇ ಒಂದು ಚೀಟಿಯಲ್ಲಿ ಬರೆಸಿ ಅಡಿಗೆಮನೆ ಗೋಡೆಗೆ ಅಂಟಿಸಿ.

ಕೆಟ್ಟದ್ದೇ ಆಗಬೇಕೆಂದಿಲ್ಲ, ಬರಿಯ ಕಾಯಿಲೆಗೂ ಹೆಸರು ಬೇಕು. ವಾರಗಟ್ಟಲೆ ಹೊಟ್ಟೆನೋವು ಎನ್ನುತ್ತಿದ್ದ ಒಬ್ಬ ಹುಡುಗಿಗೆ ಮನೆಯವರು ಹುಳದ ಮದ್ದು ಕೊಟ್ಟು ಕೊಟ್ಟು ಸಾಕಾಗಿ ನನ್ನ ಹತ್ತಿರ ಕರೆತಂದಿದ್ದರು, ಶಾಲೆ ತಪ್ಪಿಸಲು ನೆಪ ಹೇಳುತ್ತಾಳೆ ಎಂದು. ಕಾಗದದ ಮೇಲೆ ಹುಡುಗಿಯ ಚಿತ್ರ ಬರೆದು ಪೆನ್ಸಿಲ್ ಅವಳ ಕೈಗೆ ಕೊಟ್ಟೆ. ಅವಳು ಹೊಟ್ಟೆಯ ಮೇಲೆ ಇಡಲಿಲ್ಲ. ಕಾಲುಗಳ ನಡುವೆ ಒಂದು ಚುಕ್ಕಿ ಇಟ್ಟು ಕಾಗದ ಮಡಚಿದಳು. ಮೂತ್ರದ ಸೋಂಕು ಆಗಿತ್ತು. ಮದ್ದು ಕೊಟ್ಟ ಮೇಲೆ ಕೆಲವೇ ದಿನಗಳಲ್ಲಿ ಗುಣವಾಯಿತು.

ಹೆಸರಿನ ಜೊತೆ ಯಾವುದು ಎಲ್ಲಿದೆ ಎಂಬುದನ್ನೂ ಹೇಳಬೇಕು. ಮಕ್ಕಳನ್ನು ಹೆತ್ತ ಹೆಂಗಸರಲ್ಲೂ ಮೂತ್ರವೂ ಮುಟ್ಟೂ ಒಂದೇ ದಾರಿಯಲ್ಲಿ ಬರುತ್ತವೆ ಎಂದು ತಿಳಿದವರು ಬಹಳ. ಎರಡೂ ಬೇರೆ. ಮುಂದೆ ಸಣ್ಣ ಮೂತ್ರದ್ವಾರ, ಅದರ ಹಿಂದೆ ಯೋನಿದ್ವಾರ, ಅದಕ್ಕೂ ಹಿಂದೆ ಗುದದ್ವಾರ. ಹೊರಗೆ ಕಾಣುವುದು ದೊಡ್ಡ ತುಟಿ, ಚಿಕ್ಕ ತುಟಿ; ಅವು ಮುಂದೆ ಕೂಡುವಲ್ಲಿ ಪುಟ್ಟ ಮೊಗ್ಗಿನಂಥದ್ದು ಚಂದ್ರನಾಡಿ. ಈ ಹೊರಭಾಗಕ್ಕೆಲ್ಲ ಸೇರಿ ಸಂಸ್ಕೃತದಲ್ಲಿ ಭಗ ಎಂಬ ಹೆಸರಿದೆ. ಒಳಗೆ ಗರ್ಭಕೋಶದ ಕೊರಳಿನವರೆಗೆ ಹೋಗುವ ನಾಳವೇ ಸರಿಯಾಗಿ ಯೋನಿ. ಕನ್ನಡದ ಆಡುಮಾತಿನಲ್ಲಿ ಒಳಗೂ ಹೊರಗೂ ಎಲ್ಲಕ್ಕೂ ಯೋನಿ ಎಂದೇ ಅನ್ನುತ್ತೇವೆ, ಮಗುವಿಗೆ ಸದ್ಯಕ್ಕೆ ಅಷ್ಟು ಸಾಕು. ಸುಶ್ರುತ ಯೋನಿಯನ್ನು ಶಂಖದ ನಾಭಿಗೆ ಹೋಲಿಸಿ, ಅದಕ್ಕೆ ಮೂರು ಸುತ್ತು, ಮೂರನೆಯ ಸುತ್ತಿನಲ್ಲಿ ಗರ್ಭಾಶಯ ಎಂದು ವಿವರಿಸಿದ್ದಾನೆ. ಚರಕಸಂಹಿತೆ ಯೋನಿಯ 20 ಬಗೆಯ ಕಾಯಿಲೆಗಳನ್ನು ಬೇರೆ ಬೇರೆ ಹೆಸರಿಟ್ಟು ಹೇಳುತ್ತದೆ. ಸಾವಿರಾರು ವರ್ಷಗಳ ಹಿಂದೆ ವೈದ್ಯರು ಬಾಯಿಬಿಟ್ಟು ಹೇಳಿದ್ದನ್ನು ಇವತ್ತು ನಾವು ಹೊಟ್ಟೆನೋವು ಎನ್ನುತ್ತಿದ್ದೇವೆ.

ಕನ್ಯಾಪೊರೆ ಎಂಬ ಹೆಸರು ಮಗಳಿಗೆ ಬೇಡ, ಯೋನಿಪೊರೆ ಎನ್ನಿ. ಅದು ಒಬ್ಬೊಬ್ಬರಿಗೆ ಒಂದೊಂದು ಬಗೆಯಾಗಿರುತ್ತದೆ, ಕೆಲವರಿಗೆ ಆಟ ಓಟದಲ್ಲೇ ಸಡಿಲವಾಗುತ್ತದೆ. ಅದರಿಂದ ಯಾರ ನಡತೆಯನ್ನೂ ಅಳೆಯಲಾಗದು. ಅತ್ಯಾಚಾರಕ್ಕೊಳಗಾದವರಿಗೆ ಮಾಡುತ್ತಿದ್ದ ಎರಡು ಬೆರಳಿನ ಪರೀಕ್ಷೆ ಅವರ ಘನತೆಗೆ, ಖಾಸಗಿತನಕ್ಕೆ ಧಕ್ಕೆ ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿತು. ಆಮೇಲೂ ನಡೆಯುತ್ತಿದ್ದುದನ್ನು ಕಂಡು 2022ರಲ್ಲಿ ಮತ್ತೆ ಹೇಳಿ, ವೈದ್ಯಕೀಯ ಪಠ್ಯವನ್ನೂ ತಿದ್ದಿಸುವಂತೆ ಸೂಚಿಸಿತು.

ಬಸ್ ಸ್ಟ್ಯಾಂಡಿನ ಶಬ್ದವನ್ನು ನೀವು ಪತ್ರದಲ್ಲಿ ಬರೆದಿಲ್ಲ, ಯಾವುದೆಂದು ನನಗೆ ತಿಳಿಯಿತು. ಅದು ಅಚ್ಚ ಕನ್ನಡದ ಮಾತು, ಅರ್ಥ ಅದೇ ಅಂಗ, ಅದಕ್ಕಿಂತ ಹೆಚ್ಚೇನೂ ಇಲ್ಲ. ಗಂಡಸರು ಒಬ್ಬರನ್ನೊಬ್ಬರು ಹೀಯಾಳಿಸಲು ತಾಯಿಯ, ಅಕ್ಕತಂಗಿಯರ ಮೈಯನ್ನು ಎಳೆದು ತಂದು ತಂದು ಆ ಮಾತನ್ನು ಬೈಗುಳ ಮಾಡಿಟ್ಟರು. ಮಗಳಿಗೆ ಹೀಗೆ ಹೇಳಿ: “ನೀನು ಕೇಳಿದ್ದು ಯೋನಿಯ ಇನ್ನೊಂದು ಹೆಸರು. ಸಿಟ್ಟಿನವರು ಅದನ್ನು ಬೇರೆಯವರ ಮನಸ್ಸು ನೋಯಿಸಲು ಬಳಸುತ್ತಾರೆ. ಅದಕ್ಕೆ ನಾವು ಆಡುವುದಿಲ್ಲ.” ಅಂಗ ಕೆಟ್ಟದ್ದಲ್ಲ, ಬೈದವರ ನಡತೆ ಕೆಟ್ಟದ್ದು ಎಂದು ಅವಳಿಗೆ ತಿಳಿಯಲಿ. ಅದನ್ನು ಮತ್ತೆ ಒಳ್ಳೆಯ ಮಾತಾಗಿಸುವ ಕೆಲಸವನ್ನು ಒಂಬತ್ತು ವರ್ಷದವಳ ತಲೆಯ ಮೇಲೆ ಹಾಕುವುದು ಸರಿಯಲ್ಲ. ಅವಳು ಶಾಲೆಯಲ್ಲಿ ಆಡಿದರೆ ಬೈಸಿಕೊಳ್ಳುವವಳು ಅವಳೇ.

ಮಗನನ್ನು ಬಿಡಬೇಡಿ. ಅಕ್ಕನಿಗೆ ಯೋನಿ, ನಿನಗೆ ಶಿಶ್ನ ಎಂದು ಇಬ್ಬರಿಗೂ ಒಟ್ಟಿಗೇ ಹೇಳಿ. ಆರು ವರ್ಷದವನಿಗೆ ಈಗ ಸಹಜವಾಗಿ ತಿಳಿದದ್ದು ಮುಂದೆ ಬಸ್ ಸ್ಟ್ಯಾಂಡಿನಲ್ಲಿ ಜಗಳವಾಡುವಾಗ ಬಾಯಿ ಹಿಡಿಯುತ್ತದೆ. ನಕ್ಕರೆ ನಗಲಿ, ನೀವು ನಗಬೇಡಿ, ಗದರಬೇಡಿ. ಕನ್ನಡಿಯೆದುರು ಒಮ್ಮೆ ನೀವೇ ಗಟ್ಟಿಯಾಗಿ ಹೇಳಿ ನೋಡಿ. ಮೊದಲ ಸಲ ಗಂಟಲು ಕಟ್ಟುತ್ತದೆ, ನಾಲ್ಕನೆಯ ಸಲಕ್ಕೆ ಬರಿಯ ಶಬ್ದವಾಗುತ್ತದೆ. ಮುಟ್ಟಿನ ವಿಷಯವನ್ನೂ ಈ ವರ್ಷವೇ ಹೇಳಿಡಿ. ಕಾಗೆ ಮುಟ್ಟಿತು ಎಂಬ ಕಥೆ ಬೇಡ. ಅನುಪಮಾ ನಿರಂಜನ ವೈದ್ಯೆಯಾಗಿದ್ದು ಹದಿಹರೆಯದ ಹುಡುಗಿಯರಿಗೆಂದೇ ‘ಕೇಳು ಕಿಶೋರಿ’ ಬರೆದರು. ನಿಮ್ಮ ತಾಲೂಕಿನ ಕವಲಕ್ಕಿಯಲ್ಲೇ ವೈದ್ಯೆಯಾಗಿರುವ ಲೇಖಕಿ ಎಚ್.ಎಸ್. ಅನುಪಮಾ ಹೆಣ್ಣಿನ ಬದುಕಿನ ಬಗ್ಗೆ ಕನ್ನಡದಲ್ಲಿ ಬರೆಯುತ್ತ ಬಂದಿದ್ದಾರೆ. ಈ ವಿಷಯ ಮಾತಾಡಲು ಕನ್ನಡ ಸಾಲದು ಎಂದು ಯಾರಾದರೂ ಅಂದರೆ ನಂಬಬೇಡಿ.

ಇನ್ನು ನಿಮ್ಮದು. ಪತ್ರದ ತುದಿಯಲ್ಲಿ ನಾಲ್ಕು ಸಾಲಿನಲ್ಲಿ ಮುಗಿಸಿದ್ದೀರಿ, ನನಗೆ ಅದೇ ದೊಡ್ಡದಾಗಿ ಕಂಡಿತು. ಎರಡು ತಿಂಗಳು ತುರಿಕೆ ಸಹಿಸಿಕೊಂಡು ಮನೆಗೆಲಸ ಮಾಡಿದ್ದೀರಿ. ಈ ವಾರವೇ ತಾಲೂಕು ಆಸ್ಪತ್ರೆಯ ಹೆರಿಗೆ ತಜ್ಞರನ್ನೋ ಬೇರೆ ಲೇಡಿ ಡಾಕ್ಟರನ್ನೋ ಕಾಣಿ. ಕೋಣೆಯಲ್ಲಿ ಬೇರೆ ರೋಗಿಗಳಿದ್ದರೆ, “ಒಬ್ಬಳೇ ಮಾತಾಡಬೇಕು” ಎಂದು ಕೇಳುವ ಹಕ್ಕು ನಿಮಗಿದೆ. ಹೀಗೆ ಹೇಳಿ: “ಎರಡು ತಿಂಗಳಿಂದ ಯೋನಿಯಲ್ಲಿ ತುರಿಕೆ, ಬಿಳಿ ಹೋಗುತ್ತದೆ.” ಬಾಯಿ ಬರದಿದ್ದರೆ ಚೀಟಿಯಲ್ಲಿ ಬರೆದು ಕೊಡಿ. ಅದರ ಬಣ್ಣ, ವಾಸನೆ ನೋಡಿಟ್ಟುಕೊಂಡು ಹೋಗಿ. ಮೊಸರಿನ ಗಟ್ಟಿಯಂತಿದ್ದು ತುರಿಕೆ ಹೆಚ್ಚಿದ್ದರೆ ಸಾಮಾನ್ಯವಾಗಿ ಶಿಲೀಂಧ್ರದ ಸೋಂಕು. ಬೂದು ಬಣ್ಣ, ಮೀನಿನ ವಾಸನೆ ಇದ್ದರೆ ಬ್ಯಾಕ್ಟೀರಿಯಾದ್ದು. ಹಳದಿ ಹಸಿರು ನೊರೆಯಂತಿದ್ದರೆ ಬೇರೆ ಸೋಂಕು, ಅದಕ್ಕೆ ಯಜಮಾನರೂ ಮದ್ದು ತೆಗೆದುಕೊಳ್ಳಬೇಕು. ಯಾವುದೆಂದು ತೀರ್ಮಾನಿಸುವುದು ಡಾಕ್ಟರ ಕೆಲಸ, ಮೆಡಿಕಲ್ ಶಾಪಿನಲ್ಲಿ ನೀವೇ ಕೇಳಿ ಕೊಳ್ಳಬೇಡಿ. ರಕ್ತದಲ್ಲಿ ಸಕ್ಕರೆ ಎಷ್ಟಿದೆ ಎಂದೂ ನೋಡಿಸಿ, ಸಕ್ಕರೆ ಕಾಯಿಲೆ ಇದ್ದರೆ ಶಿಲೀಂಧ್ರ ಮತ್ತೆ ಮತ್ತೆ ಬರುತ್ತದೆ.

ಸೋಪು, ಡೆಟಾಲ್ ಹಾಕಿ ಒಳಗೆ ತೊಳೆಯಬೇಡಿ. ಯೋನಿ ತನ್ನನ್ನು ತಾನೇ ಶುಚಿ ಇಟ್ಟುಕೊಳ್ಳುತ್ತದೆ, ಹೊರಗೆ ಬರಿ ನೀರು ಸಾಕು. ಮುಟ್ಟಿನ ನಡುವಿನ ದಿನಗಳಲ್ಲಿ ವಾಸನೆಯಿಲ್ಲದ ತೆಳು ಬಿಳಿ ಸ್ವಲ್ಪ ಹೋಗುವುದು ಎಲ್ಲ ಹೆಂಗಸರಿಗೂ ಇರುವುದೇ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಇನ್ನೊಂದು ಕಷ್ಟವಿದೆ. ಒಳಬಟ್ಟೆಯನ್ನು ಯಾರಿಗೂ ಕಾಣದಂತೆ ಸೀರೆಯ ಅಡಿಯಲ್ಲೋ ಟವೆಲಿನ ಕೆಳಗೋ ಒಣಹಾಕುತ್ತೇವೆ. ಜೂನ್ ಜುಲೈನಲ್ಲಿ ಅದು ಮೂರು ದಿನಕ್ಕೂ ಒಣಗುವುದಿಲ್ಲ, ಹಸಿಯನ್ನೇ ಹಾಕಿಕೊಳ್ಳುತ್ತೇವೆ. ಶಿಲೀಂಧ್ರಕ್ಕೆ ಅದೇ ಬೇಕು. ಹತ್ತಿಯದನ್ನೇ ಬಳಸಿ, ಬಿಸಿಲು ಬಿದ್ದಾಗ ಎಲ್ಲ ಬಟ್ಟೆಯ ಸಾಲಿನಲ್ಲೇ ಬಿಸಿಲಿಗೆ ಹಾಕಿ, ಬಿಸಿಲಿಲ್ಲದಾಗ ಬಚ್ಚಲೊಲೆಯ ಹತ್ತಿರ ಪೂರ್ತಿ ಒಣಗಿಸಿ, ಇಲ್ಲವೇ ಇಸ್ತ್ರಿ ಎಳೆಯಿರಿ. ಮಗಳಿಗೂ ಇದೇ ಕ್ರಮ.

ಗಂಡ ಹೆಂಡಿರ ಕೂಟದ ನಂತರ ರಕ್ತ ಕಂಡರೆ, ಎರಡು ಮುಟ್ಟಿನ ನಡುವೆ ರಕ್ತ ಹೋದರೆ, ಕೆಟ್ಟ ವಾಸನೆಯ ನೀರಿನಂಥದ್ದು ಹೋಗುತ್ತಿದ್ದರೆ ಒಂದು ದಿನವೂ ತಡಮಾಡಬೇಡಿ. ಗರ್ಭಕೋಶದ ಕೊರಳಿನ ಕ್ಯಾನ್ಸರನ್ನು ಮೊದಲೇ ಪತ್ತೆ ಮಾಡುವ ತಪಾಸಣೆ ನಮ್ಮ ದೇಶದಲ್ಲಿ 30ರಿಂದ 65 ವರ್ಷದವರಿಗೆ ಇದೆ. ಹುಳಿ ದ್ರಾವಣ ಹಚ್ಚಿ ಕಣ್ಣಿನಿಂದಲೇ ನೋಡುವ ಪರೀಕ್ಷೆ, ಕೆಲವೇ ನಿಮಿಷದ ಕೆಲಸ. ನಿಮಗೆ ಮೂವತ್ತನಾಲ್ಕು ಎಂದಿದ್ದೀರಿ, ಹೋದಾಗ ಕೇಳಿ ಮಾಡಿಸಿಕೊಳ್ಳಿ. ಆ ಕ್ಯಾನ್ಸರಿಗೆ ಕಾರಣವಾಗುವ ಎಚ್‌ಪಿವಿ ವೈರಸ್ಸಿನ ಲಸಿಕೆ 9ರಿಂದ 14 ವರ್ಷದ ಹುಡುಗಿಯರಿಗೆ ಹೆಚ್ಚು ಫಲಕಾರಿ, ಮಗಳ ಸಲುವಾಗಿ ಅದನ್ನೂ ಅದೇ ಡಾಕ್ಟರ ಹತ್ತಿರ ವಿಚಾರಿಸಿ. ಕೊಟ್ಟ ಮದ್ದು ಮುಗಿದ ಮೇಲೂ ತುರಿಕೆ ನಿಲ್ಲದಿದ್ದರೆ ಸಹಿಸಿಕೊಂಡು ಕೂರದೆ ಮತ್ತೆ ಹೋಗಿ, ಏನೆಂದರು ಎಂದು ನನಗೂ ಬರೆಯಿರಿ.